ಮೂರು ಗಂಟೆಗೆ ಬರುವ ಫೋನು

ಅತ್ತೆಗೆ ಸಮುದ್ರ ತೋರಿಸಬೇಕು ಎಂಬುದು ನಮ್ಮ ಮನೆಯವರ ಆಸೆಯಾಗಿತ್ತು. ಅತ್ತೆ ತಾವಾಗಿ ಅಂಥದ್ದನ್ನು ಎಂದೂ ಕೇಳಿದವರಲ್ಲ. ಮೂರು ವರ್ಷದ ಹಿಂದೆ ಅವರ ಮಗಳು, ಅಂದರೆ ನನ್ನ ನಾದಿನಿ, ತೀರಿಕೊಂಡ ಮೇಲೆ ಅವರು ಬೀದರಿನ ನಮ್ಮ ಮನೆಯ ಅಂಗಳ ದಾಟುವುದನ್ನೇ ಕಡಿಮೆ ಮಾಡಿದ್ದರು. ಔರಾದಿನಲ್ಲಿ ಅವರ ತಮ್ಮನ ಮನೆಯಿದೆ, ಹೊಲವಿದೆ, ಅಲ್ಲಿಗೂ ಹೋಗುತ್ತಿರಲಿಲ್ಲ. ಮಗಳನ್ನು ಕೊಟ್ಟಿದ್ದ ಭಾಲ್ಕಿಯ ಹೆಸರು ತೆಗೆದರಂತೂ ಎದ್ದು ಒಳಗೆ ನಡೆದುಬಿಡುತ್ತಿದ್ದರು. "ಜಾಗಾ ಬದಲಾದ್ರ ಮನಸ್ಸೂ ಬದಲಾಗ್ತದ" ಎಂದು ಮನೆಯವರು ದಸರಾ ರಜೆಯಲ್ಲಿ ಕಾರವಾರದಿಂದ ಅರ್ಧ ತಾಸು ದೂರದ ಒಂದು ಊರಿನಲ್ಲಿ, ಸಮುದ್ರದ ದಂಡೆಯ ಹೋಟೆಲಿನಲ್ಲಿ ನಾಲ್ಕು ದಿನಕ್ಕೆ ಕೋಣೆ ಹಿಡಿದರು.

ಹೊರಡುವ ಹಿಂದಿನ ದಿನ ಅವರ ರಜೆ ರದ್ದಾಯಿತು. ಅವರದು ಕರೆಂಟಿನ ಇಲಾಖೆ. ಹಬ್ಬದ ಹೊತ್ತಿಗೆ ಎಲ್ಲೋ ಎರಡು ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದವು.

"ಬುಕಿಂಗ್ ಆಗ್ಯಾದ. ನೀವಿಬ್ಬರೂ ಹೋಗಿ ಬರ್ರಿ" ಅಂದರು.

"ನಾವಿಬ್ಬರಾ?" ಅಂದೆ ನಾನು. ನನ್ನ ದನಿಯಲ್ಲಿದ್ದ ಹೆದರಿಕೆ ಅವರಿಗೆ ಪ್ರಯಾಣದ ಹೆದರಿಕೆಯಂತೆ ಕೇಳಿಸಿರಬೇಕು. "ದಿನಾ ಜನವಾಡಕ್ಕ ಬಸ್ಸಿನ್ಯಾಗ ಹೋಗಿ ಸಾಲಿ ಕಲಿಸಿ ಬರ್ತಿ, ಕಾರವಾರಕ್ಕ ಹೋಗೂದು ಏನು ದೊಡ್ಡ ಮಾತು" ಎಂದು ನಕ್ಕರು.

ಹನ್ನೆರಡು ವರ್ಷದಿಂದ ಅತ್ತೆ ಮತ್ತು ನಾನು ಒಂದೇ ಸೂರಿನ ಕೆಳಗೆ ಇದ್ದೇವೆ. ಆದರೆ ಆ ಮೂರು ವರ್ಷ, ಮನೆಯಲ್ಲಿ ನಾವಿಬ್ಬರೇ ಉಳಿಯುವ ಹೊತ್ತನ್ನು ನಾನು ಏನಾದರೂ ನೆವ ಮಾಡಿ ತಪ್ಪಿಸಿಕೊಂಡು ಬಂದಿದ್ದೆ. ರವಿವಾರ ಮಧ್ಯಾಹ್ನ ಬಂದರೆ ಸಂತೆಗೆ ಹೊರಡುತ್ತಿದ್ದೆ. ಸಂತೆ ಇಲ್ಲದಿದ್ದರೆ ಮಾಳಿಗೆ ಮೇಲೆ ಬಟ್ಟೆ ಒಣಹಾಕಲು ಹೋಗಿ ಅಲ್ಲೇ ನಿಂತುಬಿಡುತ್ತಿದ್ದೆ. ಹೋಟೆಲಿನ ಒಂದೇ ಕೋಣೆಯಲ್ಲಿ ಎಲ್ಲಿಗೆ ಹೋಗಿ ನಿಲ್ಲುವುದು?

ಹುಬ್ಬಳ್ಳಿಯವರೆಗೆ ಒಂದು ಬಸ್ಸು, ಅಲ್ಲಿಂದ ಘಟ್ಟ ಇಳಿಯುವ ಇನ್ನೊಂದು ಬಸ್ಸು. ಘಟ್ಟದಲ್ಲಿ ಅತ್ತೆ ಎರಡು ಸಲ ವಾಂತಿ ಮಾಡಿಕೊಂಡರು. ಹೋಟೆಲು ಮುಟ್ಟಿದಾಗ ಬೆಳಗಿನ ಹತ್ತು ಗಂಟೆ ದಾಟಿತ್ತು. ಗೇಟಿನ ಬಳಿ ಗಿಡಗಳನ್ನು ಚಂದ ಕತ್ತರಿಸಿದ್ದರು. ಒಳಗೆ ಟೈ ಕಟ್ಟಿದ ಮ್ಯಾನೇಜರು ಎದ್ದು ನಿಂತು ಕೈ ಮುಗಿದು, ಎಳನೀರು ತರಿಸಿಕೊಟ್ಟರು. ಅಷ್ಟಕ್ಕೇ ಮನಸ್ಸು ಹಗುರಾಗಬೇಕಿತ್ತು. ಆದರೆ ಸಮುದ್ರಕ್ಕೆ ಎದುರಾಗಿರುವ ಕೋಣೆ ಎಂದು ಮಾತಾಗಿದ್ದರೂ ನಮಗೆ ಸಿಕ್ಕಿದ್ದು ಎರಡನೇ ಮಾಳಿಗೆಯಲ್ಲಿ ಒಂದು ಬದಿಯ ಕೋಣೆ. ಕಿಟಕಿಯಿಂದ ನೀರಿನ ಟಾಕಿ, ನಾಲ್ಕು ತೆಂಗಿನಮರ, ಅವುಗಳ ನಡುವೆ ಒಂದು ಗೇಣಿನಷ್ಟು ಸಮುದ್ರ ಕಾಣುತ್ತಿತ್ತು.

"ಇವತ್ತೊಂದಿನ ಸುಧಾರಿಸ್ಕೊಳ್ಳಿ ಅಮ್ಮಾ. ನಾಳೆ ಎದುರಿನ ರೂಮು ಖಾಲಿ ಆಗ್ತದೆ, ನಿಮ್ಮನ್ನ ಅಲ್ಲಿಗೇ ಶಿಫ್ಟ್ ಮಾಡುವಾ" ಅಂದರು ಮ್ಯಾನೇಜರು.

ಹಾಸಿಗೆಯ ಚಾದರ ತೊಳೆದದ್ದೇ, ಆದರೆ ಮುಟ್ಟಿದರೆ ತಣ್ಣಗೆ ಒದ್ದೆ ಕೈ ಹಿಡಿದಂತೆ ಅನಿಸುತ್ತಿತ್ತು. ಬಿಸಿನೀರು ಬೆಳಿಗ್ಗೆ ಒಂದೇ ತಾಸು. ಫ್ಯಾನು ತಿರುಗುವಾಗ ಟಕ್ ಟಕ್ ಅನ್ನುತ್ತಿತ್ತು. ಬಚ್ಚಲಿನ ಕನ್ನಡಿಗೆ ಅಂಚಿನಿಂದ ಕಪ್ಪು ಹತ್ತಿ, ಮುಖ ನೋಡಿದರೆ ಕಿವಿಯ ಹತ್ತಿರ ಸುಟ್ಟಂತೆ ಕಾಣುತ್ತಿತ್ತು. ಕೋಣೆ ಗುಡಿಸಲು ಬಂದವಳು ಐವತ್ತರ ಆಸುಪಾಸಿನ ಹೆಂಗಸು. ಕೊಂಕಣಿಯಲ್ಲಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಔರಾದಿನಲ್ಲಿ ಹುಟ್ಟಿ ಬೆಳೆದ ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ; ಅವರು ಮರಾಠಿಯಲ್ಲಿ ಉತ್ತರ ಕೊಟ್ಟರು. ಇವಳ ಕೊಂಕಣಿ, ಅವರ ಮರಾಠಿ, ಹೇಗೋ ಮಾತು ನಡೆಯಿತು. ಸ್ವಲ್ಪ ಹೊತ್ತಿನಲ್ಲೇ ಅವಳು ಕೆಳಗೆ ಹೋಗಿ ಎರಡು ಒಣ ಟವೆಲ್ಲು ತಂದಳು. ಅಡುಗೆಯವನಿಗೆ ಏನು ಹೇಳಿದಳೋ, ಮೀನು ತಿನ್ನದ ನಮಗಾಗಿ ಅವನು ಬೇರೆ ಪಾತ್ರೆಯಲ್ಲಿ ಬದನೆಕಾಯಿ ಪಲ್ಯ ಮಾಡಿ ಮೇಲಕ್ಕೇ ಕಳಿಸಿದ. ನಾವು ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅದರ ಜೊತೆ ಚೆನ್ನಾಗಿ ಕೂಡಿತು. ರೊಟ್ಟಿ ಮಾತ್ರ ಆ ಗಾಳಿಗೆ ಒಂದೇ ದಿನದಲ್ಲಿ ಮೆತ್ತಗಾಗಿ ಹೋಯಿತು.

ಊಟ ಮುಗಿಸಿ ಅತ್ತೆ ಆಚೆಯ ಪಲ್ಲಂಗದ ಮೇಲೆ ಅಡ್ಡಾದರು. ಎರಡು ಪಲ್ಲಂಗಗಳ ನಡುವಿನ ಸಣ್ಣ ಮೇಜಿನ ಮೇಲೆ ಹಳೇ ಕಾಲದ ಒಂದು ಫೋನಿತ್ತು, ಕೆಳಗಿನವರನ್ನು ಕರೆಯುವುದಕ್ಕೆ. ನನಗೆ ಜೊಂಪು ಹತ್ತಿತ್ತೋ ಇಲ್ಲವೋ, ಅದು ಬಡಿದುಕೊಂಡಿತು.

ನಾನು ಎದ್ದು ಕುಳಿತೆ. ಕೈ ಚಾಚಿದರೆ ಎಟಕುವಷ್ಟು ಹತ್ತಿರ. ಆದರೂ ಕೈ ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಆಗಿತ್ತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಅತ್ತೆ ಮಲಗಿದಲ್ಲಿಂದಲೇ ಕೈ ಚಾಚಿ ಎತ್ತಿದರು.

"ಯಾರು?" ಅಂದರು.

ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳುತ್ತಿದ್ದರು. ನಿಧಾನಕ್ಕೆ ಎದ್ದು ಕುಳಿತರು. "ಹೂಂ" ಅಂದರು. ಫೋನು ಇಟ್ಟರು.

"ಯಾರ್ರಿ ಅತ್ತಿ?"

"ಯಾರೂ ಮಾತಾಡ್ಲಿಲ್ಲ. ಸುಯ್ ಅಂತ ಸಪ್ಪಳ ಬರ್ತಿತ್ತು, ಯಾರೋ ಉಸಿರಾಡ್ದಂಗ."

ನಾನು ಕೆಳಗಿಳಿದು ವಿಚಾರಿಸಿದೆ. ತಾವು ಯಾರೂ ಫೋನು ಮಾಡಿಲ್ಲ ಅಂದರು. ಮರಳಿ ಬಂದಾಗ ಅತ್ತೆ ಫೋನಿನ ಕಡೆಗೆ ಮುಖ ಮಾಡಿ ಮಲಗಿದ್ದರು. ಕಣ್ಣು ತೆರೆದೇ ಇತ್ತು.

ಮೂರು ಗಂಟೆಯ ಫೋನು ಅಂದರೆ ನನಗೆ ಯಾಕೆ ಎತ್ತಲಾಗುವುದಿಲ್ಲ ಎಂಬುದನ್ನು ಈಗ ಹೇಳಬೇಕು.

ನನ್ನ ನಾದಿನಿ ಭಾಲ್ಕಿಯಿಂದ ದಿನಾಲೂ ಮಧ್ಯಾಹ್ನ ಮೂರಕ್ಕೆ ತಾಯಿಗೆ ಫೋನು ಮಾಡುತ್ತಿದ್ದಳು. ಗಂಡ ಊಟ ಮುಗಿಸಿ ಅಂಗಡಿಗೆ ಹೋಗಿರುತ್ತಿದ್ದ, ಮಗು ಮಲಗಿರುತ್ತಿತ್ತು. ಅದು ಅವಳ ಬಿಡುವಿನ ಹೊತ್ತು. ಗಂಡ ಹೀಗಂದ, ನೆರೆಯವಳು ಹಾಗಂದಳು, ಮೈಯಲ್ಲಿ ನೆಟ್ಟಗಿಲ್ಲ, ತಲೆ ಸಿಡಿಯುತ್ತದೆ. ಒಂದು ತಾಸು ಮಾತು. ಫೋನು ಇಟ್ಟ ಮೇಲೆ ಅತ್ತೆ ಸಂಜೆಯವರೆಗೂ ಮುಖ ಇಳಿಬಿಟ್ಟುಕೊಂಡು ಕೂರುತ್ತಿದ್ದರು. ಆ ಸಂಕಟವೆಲ್ಲ ರಾತ್ರಿ ಊಟದ ಹೊತ್ತಿಗೆ ನನ್ನ ಸಾರಿನಲ್ಲಿ ಉಪ್ಪು ಕಡಿಮೆ ಎಂಬ ರೂಪದಲ್ಲಿ ಹೊರಗೆ ಬರುತ್ತಿತ್ತು. ನಾದಿನಿ ಕೆಟ್ಟವಳಲ್ಲ. ನನಗೆ ಹೆರಿಗೆಯಲ್ಲಿ ಮಗು ಹೋದಾಗ ಹದಿನೈದು ದಿನ ಬಂದು ನನ್ನ ತಲೆ ಬಾಚಿದವಳು ಅವಳೇ. ಆದರೆ ಅವಳ ಫೋನು ಅಂದರೆ ನನಗೆ ಬೇಸರ ಬಂದುಹೋಗಿತ್ತು.

ಅವತ್ತು ಬೇಸಿಗೆ ರಜೆ. ಹೊರಗೆ ಬೆಂಕಿಯಂಥ ಬಿಸಿಲು. ಅತ್ತೆ ಒಳಕೋಣೆಯಲ್ಲಿ ಹಸಿ ಟವೆಲ್ಲು ಹೊದ್ದು ಮಲಗಿದ್ದರು. ಅವರ ಗುಂಡಿ ಒತ್ತುವ ಸಣ್ಣ ಫೋನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿತ್ತು. ನಾನು ಪಕ್ಕದಲ್ಲೇ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದೆ. ಫೋನು ಬಂತು. ಅವಳ ಹೆಸರು ನೋಡಿದೆ, ಎತ್ತಲಿಲ್ಲ. ಬಡಿದುಕೊಂಡು ತಾನಾಗಿ ನಿಂತಿತು. ಕೂಡಲೇ ಮತ್ತೆ ಬಂತು. ಮುದುಕಿ ಒಂದು ದಿನವಾದರೂ ನಿದ್ದೆ ಮಾಡಲಿ, ನನಗೂ ಒಂದು ಸಂಜೆ ನೆಮ್ಮದಿ ಸಿಗಲಿ ಅನಿಸಿತು. ಕೆಂಪು ಗುಂಡಿ ಒತ್ತಿದೆ. ಮೂರನೇ ಸಲ ಬರಲಿಲ್ಲ.

ಐದು ಗಂಟೆಗೆ ಸಕ್ಕರೆ ಕೇಳಲು ಹೋದ ನೆರೆಯವಳು ನಾದಿನಿ ಅಡುಗೆಮನೆಯಲ್ಲಿ ಬಿದ್ದಿರುವುದನ್ನು ನೋಡಿದಳು. ಮಗು ಇನ್ನೂ ಮಲಗಿತ್ತು. ಬೀದರಿಗೆ ತಂದರು. ನಾವೆಲ್ಲ ದವಾಖಾನೆಗೆ ಓಡಿದೆವು. ತಲೆಯೊಳಗಿನ ನರ ಒಡೆದಿದೆ ಅಂದರು ಡಾಕ್ಟರು. ಆಮೇಲೆ ಹೊರಗೆ ಬಂದು, "ಯಾವಾಗ ಶುರುವಾಯಿತು? ಎಷ್ಟು ಹೊತ್ತಾಗಿದೆ?" ಎಂದು ಕೇಳಿದರು. "ಐದಕ್ಕ ನೋಡ್ಯಾರ್ರಿ" ಅಂದ ಅವಳ ಗಂಡ. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಮೂರಕ್ಕೇ ಅವಳ ಫೋನು ಬಂದಿತ್ತು ಎಂದು ಹೇಳಲು ನನ್ನಿಂದ ಆಗಲಿಲ್ಲ. ಹೇಳಿದ್ದರೆ ಏನಾದರೂ ಬೇರೆಯಾಗುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಯಾವ ಡಾಕ್ಟರನ್ನೂ ಕೇಳುವ ಧೈರ್ಯ ಮಾಡಿಲ್ಲ. ಬೆಳಗಿನ ಜಾವ ಅವಳು ಹೋದಳು.

ಅದಕ್ಕೂ ಮೊದಲು, ಇನ್ನೂ ಉಸಿರಾಡುತ್ತಿರುವಾಗಲೇ, ನಾನು ಅತ್ತೆಯ ಚೀಲದಿಂದ ಫೋನು ತೆಗೆದುಕೊಂಡು ದವಾಖಾನೆಯ ಪಾಯಖಾನೆಗೆ ಹೋಗಿ ಆ ಎರಡು ಕರೆಗಳನ್ನು ಅಳಿಸಿದೆ. ನಾದಿನಿಯ ಫೋನು ಅವಳ ಜೊತೆಯೇ ಬಿದ್ದು, ನೀರಿನ ಬಕೀಟಿನಲ್ಲಿ ಸಿಕ್ಕಿತ್ತು. ಅದು ಮತ್ತೆ ಚಾಲೂ ಆಗಲಿಲ್ಲ. ಹಾಗಾಗಿ ಆ ಎರಡು ಕರೆಗಳ ವಿಷಯ ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತು ಎಂದು ನಾನು ತಿಳಿದಿದ್ದೆ.

ಆಮೇಲೆ ಭಾಲ್ಕಿಗೆ ಹೋಗುವುದು ನಿಂತಿತು. ಮನೆಯವರೊಬ್ಬರೇ ತಿಂಗಳಿಗೊಮ್ಮೆ ಹೋಗಿ ಸೋದರಸೊಸೆಯನ್ನು ಮಾತಾಡಿಸಿ ಬರುತ್ತಿದ್ದರು. ಅವಳ ಅಪ್ಪ ಇನ್ನೊಂದು ಮದುವೆ ಮಾಡಿಕೊಂಡ. "ಆ ಮನಿ ನೋಡೂದು ನನ್ನಿಂದ ಆಗೂದಿಲ್ಲ" ಅನ್ನುತ್ತಿದ್ದರು ಅತ್ತೆ. ಅವರು ಬರುವುದಿಲ್ಲ ಅಂದಾಗ, ಅವರನ್ನು ನೋಡಿಕೊಳ್ಳಬೇಕು ಎಂದು ನಾನೂ ಉಳಿಯುತ್ತಿದ್ದೆ. ಅದು ನನಗೆ ಅನುಕೂಲವೇ ಆಗಿತ್ತು.

ಎರಡನೇ ದಿನ ಬೆಳಿಗ್ಗೆ ನಾವು ಸಮುದ್ರಕ್ಕೆ ಹೋದೆವು. ಅತ್ತೆ ಸೀರೆ ಎತ್ತಿ ಹಿಡಿದು ಮರಳಿನಲ್ಲಿ ನಿಂತರು. ಅವರು ಏನಾದರೂ ಹೇಳುತ್ತಾರೆಂದು ಕಾದೆ. "ಭಾಳ ಸಪ್ಪಳ ಅದ" ಅಂದರು, ಅಷ್ಟೇ. ಹನ್ನೊಂದಕ್ಕೆಲ್ಲ ತಿರುಗಿ ಹೋಗೋಣ ಎಂದು ಅವಸರ ಮಾಡತೊಡಗಿದರು.

ಮ್ಯಾನೇಜರು ಮಾತಿಗೆ ತಪ್ಪಲಿಲ್ಲ. "ಎದುರಿನ ರೂಮು ರೆಡಿ ಆಗಿದೆ ಅಮ್ಮಾ, ಹುಡುಗರು ಸಾಮಾನು ತರ್ತಾರೆ" ಅಂದರು. ನಾನು ಖುಷಿಯಿಂದ ಮೆಟ್ಟಿಲು ಹತ್ತುತ್ತಿದ್ದೆ. ಅತ್ತೆ ಅಲ್ಲೇ ನಿಂತರು.

"ಬ್ಯಾಡ್ರಿ. ನಮಗ ಅದಾ ಖೋಲಿ ಇರ್ಲಿ."

"ಅತ್ತಿ, ಅಲ್ಲಿ ಪಲ್ಲಂಗದ ಮ್ಯಾಲೆ ಕುಂತ್ರ ಸಮುದ್ರ ಕಾಣ್ತದಂತ್ರಿ."

"ನೀ ಹೋಗೂದಿದ್ರ ಹೋಗು. ನಾ ಅಲ್ಲೇ ಇರ್ತೇನಿ."

ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿದ ಮೇಲೆ ಅವರು ಮಲಗಲಿಲ್ಲ. ಮುಖ ತೊಳೆದು, ತಲೆ ಬಾಚಿಕೊಂಡು, ಪಲ್ಲಂಗದ ಅಂಚಿಗೆ ಫೋನಿನ ಎದುರು ಕುಳಿತರು. ನನಗೆ ಅಲ್ಲಿ ಇರಲಾಗಲಿಲ್ಲ. ಎರಡು ಸೀರೆ ಹಿಂಡುವ ನೆವದಿಂದ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ನಲ್ಲಿಯ ನೀರು ಬಿಟ್ಟೆ. ನೀರಿನ ಸಪ್ಪಳದಲ್ಲೂ ಫೋನು ಬಡಿದುಕೊಂಡದ್ದು ಕೇಳಿಸಿತು. ಒಂದೇ ಸಲಕ್ಕೆ ಎತ್ತಿದರು.

"ಊಟ ಆತೇನವ್ವ?" ಅಂದರು.

ನಾನು ನಲ್ಲಿ ನಿಲ್ಲಿಸಿದೆ. ಆ ಮಾತು ನಾನು ಒಂಬತ್ತು ವರ್ಷ ದಿನಾಲೂ ಕೇಳಿದ್ದ ಮಾತು. ಮಗಳ ಫೋನು ಎತ್ತಿದರೆ ಮೊದಲು ಅದೇ.

"ಹೂಂ... ಹೂಂ... ನಾವು ಸಮುದ್ರಕ್ಕ ಬಂದೇವಿ. ನಿಮ್ಮ ವೈನಿನೂ ಬಂದಾಳ. ಹೂಂ. ಭಾಳ ಝಳ ಅದ ಇಲ್ಲಿ. ಮೈಯೆಲ್ಲ ಅಂಟಂಟ..."

ವೈನಿ ಎಂದು ನಾದಿನಿ ನನ್ನನ್ನೇ ಕರೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಫೋನು ಇಟ್ಟ ಸಪ್ಪಳ ಬಂತು. ಹೊರಗೆ ಬಂದಾಗ ಅತ್ತೆ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಮುಖ ಪ್ರಶಾಂತವಾಗಿತ್ತು. ಅಂಥ ಮುಖ ನಾನು ಮೂರು ವರ್ಷದಿಂದ ನೋಡಿರಲಿಲ್ಲ. ಯಾರ ಫೋನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಂಜೆ ನಾನು ಕೆಳಗೆ ಹೋಗಿ ಮ್ಯಾನೇಜರ ಮುಂದೆ ಸಿಟ್ಟು ಮಾಡಿದೆ. ಅವರು ಸಂಕೋಚದಿಂದ ತಲೆ ಕೆರೆದುಕೊಂಡರು. "ಅದು ಹಳೇ ಲೈನು ಅಮ್ಮಾ. ಸಮುದ್ರದ ಗಾಳಿ ಹೊಡೆದು ತಂತಿಗೆಲ್ಲ ಕಿಲುಬು. ಮೂರಕ್ಕೆ ಟಾಕಿಗೆ ನೀರೇರಿಸೋ ಪಂಪು ಹಾಕ್ತೇವೆ ನೋಡಿ, ಆಗ ಆ ಬದಿಯ ಕೋಣೆಯ ಫೋನು ತನ್ನಷ್ಟಕ್ಕೆ ಹೊಡ್ಕೊಳ್ತದೆ. ನಾಳೆ ಬೆಳಿಗ್ಗೆ ರಿಪೇರಿಯವನನ್ನ ಕಳಿಸ್ತೇನೆ."

ಎರಡು ದಿನ ಬಿಸಿನೀರು ಕೇಳಿದರೆ ಹೊತ್ತಿಗೆ ಬರದ ಹೋಟೆಲಿನಲ್ಲಿ, ರಿಪೇರಿಯವನು ಮಾತ್ರ ಮರುದಿನ ಒಂಬತ್ತಕ್ಕೆ ಸರಿಯಾಗಿ ಬಂದ. ಕೋಣೆ ಗುಡಿಸುವ ಹೆಂಗಸು ಅತ್ತೆಯನ್ನು ಹತ್ತಿರದ ಗುಡಿಗೆ ಕರೆದುಕೊಂಡು ಹೋಗಿದ್ದಳು. ಅವನು ಬಾಗಿಲಲ್ಲಿ ನಿಂತು, "ಫೋನು ನೋಡ್ಬೇಕಿತ್ತು" ಅಂದ. ಬೇಡ, ಇರಲಿ ಎಂದು ಹೇಳಿ ಕಳಿಸಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಇನ್ನೆರಡು ದಿನ ಆ ಮುದುಕಿ ಮಗಳ ಜೊತೆ ಮಾತಾಡಿದರೆ ಯಾರಿಗೇನು ನಷ್ಟ? ಆದರೆ ಆ ಸಪ್ಪಳವನ್ನು ಮತ್ತೊಂದು ಮಧ್ಯಾಹ್ನ ಕೇಳುವ ಶಕ್ತಿ ನನಗಿರಲಿಲ್ಲ. "ಬರ್ರಿ, ನೋಡ್ರಿ" ಅಂದೆ. ಅವನು ಹಳೇ ತಂತಿ ಕತ್ತರಿಸಿ ಹೊಸದು ಹಾಕಿ, ಕೆಳಗೆ ಹೋಗಿ ಅಲ್ಲಿಂದ ಒಮ್ಮೆ ಫೋನು ಮಾಡಿದ. ಎತ್ತಿದೆ. "ಸರಿಯಾಯ್ತು ನೋಡಿ" ಅಂದ, ಸ್ಪಷ್ಟವಾಗಿ, ಪಕ್ಕದಲ್ಲೇ ನಿಂತು ಹೇಳಿದಂತೆ.

ಅತ್ತೆ ಗುಡಿಯಿಂದ ಬಂದರು, ಉಂಡರು, ತಲೆ ಬಾಚಿಕೊಂಡು ಪಲ್ಲಂಗದ ಅಂಚಿಗೆ ಕುಳಿತರು. ನಾನು ಈ ಸಲ ಬಚ್ಚಲಿಗೆ ಹೋಗಲಿಲ್ಲ. ಮೂರಾಯಿತು. ಕಿಟಕಿಯ ಹೊರಗೆ ಪಂಪು ಗುಂಯ್ ಎಂದು ಶುರುವಾಗಿ, ಟಾಕಿಗೆ ನೀರು ಬೀಳತೊಡಗಿತು. ಫೋನು ಸುಮ್ಮನಿತ್ತು. ಮೂರೂಕಾಲು ಆಯಿತು. ಅತ್ತೆ ಫೋನು ಎತ್ತಿ ಕಿವಿಗೆ ಹಿಡಿದು ನೋಡಿ, ಮತ್ತೆ ಇಟ್ಟರು.

"ಅತ್ತಿ, ಇನ್ನ ಅದು ಬರೂದಿಲ್ರಿ" ಅಂದೆ.

"ಯಾಕ?"

"ಮುಂಜಾನಿ ರಿಪೇರಿ ಮಾಡಿ ಹೋದ. ನಾನಾ ಮಾಡ್ಸೀನ್ರಿ."

ಅವರು ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದವರು ನೋಡುವಂತೆ ನೋಡಿದರು. ಆ ನೋಟಕ್ಕೆ ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಅವತ್ತೂ ಬಂದಿತ್ರಿ ಅತ್ತಿ. ಅಕಿ ಬಿದ್ದ ದಿನ. ಎರಡು ಸಲ ಬಂದಿತ್ತು. ನಾ ಎತ್ತಲಿಲ್ಲ. ಎರಡನೇ ಸಲ ಕಟ್ ಮಾಡೀನಿ. ದವಾಖಾನ್ಯಾಗ ನಿಮ್ಮ ಫೋನು ತಗೊಂಡು ಅಳಿಸಿ ಹಾಕೀನಿ."

"ಗೊತ್ತದ" ಅಂದರು ಅತ್ತೆ.

ಪಂಪಿನ ಸಪ್ಪಳ ಒಂದೇ ಸಮ ನಡೆದಿತ್ತು. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡೆ.

"ನಾ ಮಲಗಿದ್ದಿಲ್ಲ ಅವತ್ತು" ಅಂದರು. "ಆ ಝಳಕ್ಕ ನಿದ್ದಿ ಎಲ್ಲಿಂದ ಬರಬೇಕು? ಫೋನು ಹೊಡಿಯೂದು ಕೇಳ್ತಿತ್ತು. ಮೊದಲನೇ ಸಲ ಪೂರಾ ಹೊಡೀತು. ಎರಡನೇ ಸಲ ನಡುವ ನಿಂತಿತು. ನೀ ಕಟ್ ಮಾಡ್ದಿ ಅಂತ ತಿಳೀತು. ಛಲೋ ಆತು ಅಂದ್ಕೊಂಡೆ. ದಿನಾ ಅದಾ ಗೋಳು, ಇವತ್ತೊಂದಿನ ಬ್ಯಾಡ ಅನಿಸಿತ್ತು. ಮಗ್ಗಲಾ ಹೊಳ್ಳಿ ಮಲಗೀನಿ."

ನನಗೆ ಭಾರ ಇಳಿದಂತಾಗಲಿಲ್ಲ. ಇಳಿಯುತ್ತದೆ ಎಂದು ಕಥೆಯಲ್ಲಿ ಹೇಳುತ್ತಾರೆ. ನನಗೆ ಬಂದದ್ದು ಸಿಟ್ಟು. ಮೂರು ವರ್ಷ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಹೊರುವುದನ್ನು ಇವರು ಪಕ್ಕದಲ್ಲಿ ಕುಳಿತು ನೋಡಿದ್ದಾರೆ.

"ಡಾಕ್ಟರ್ ಕೇಳ್ದಾಗ ನೀವೂ ಅಲ್ಲೇ ಇದ್ರಲ್ರಿ."

"ಇದ್ದೆ. ನೀ ಹೇಳ್ತಿ ಅಂತ ನಿನ್ನ ಮುಖಾ ನೋಡ್ದೆ. ನೀ ನನ್ನ ಮುಖಾ ನೋಡ್ಲಿಲ್ಲ."

"ಮತ್ತ ಯಾಕ್ರಿ ಒಂದಿನಾನೂ ನನಗ ಕೇಳ್ಲಿಲ್ಲ?"

"ಹ್ಯಾಂಗ ಕೇಳ್ಲಿ? ನಾ ನಿನಗ ಕೇಳಿದ್ರ, ನೀ ನನಗ ಕೇಳ್ತಿದ್ದಿ."

ಟಾಕಿ ತುಂಬಿ ನೀರು ಹೊರಗೆ ಚೆಲ್ಲಿತು. ಯಾರೋ ಕೂಗಿದರು, ಪಂಪು ನಿಂತಿತು. ಆಮೇಲೆ ನಾನೇ ಕೇಳಿದೆ.

"ಇಲ್ಲಿ ಈ ಫೋನಿನ್ಯಾಗ ಬರೂದು ಅಕಿನೇ ಅಂತ ನಿಮಗ ಖರೇ ಅನಿಸಿತ್ತೇನ್ರಿ?"

ಅತ್ತೆ ತಲೆ ಅಲ್ಲಾಡಿಸಿದರು. "ನನಗ ಅಷ್ಟೂ ತಿಳಿಯೂದಿಲ್ಲೇನು? ಅಕಿ ಅಲ್ಲ ಅಂತ ಗೊತ್ತು. ಹೊಡಿಯೂ ಫೋನು ಎತ್ತಬೇಕು ಅನಿಸ್ತು. ಎತ್ತಿದ ಮ್ಯಾಲೆ ಏನಾರ ಮಾತಾಡಬೇಕಲ್ಲ."

ಆಗ ನನಗೆ ಅಳು ಬಂತು. ಅವರು ಅಳಲಿಲ್ಲ. ನನ್ನನ್ನು ಮುಟ್ಟಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಚಾ ಹೇಳು ಹೋಗು" ಅಂದರು. ನಾನು ಹೊಸ ತಂತಿಯ ಆ ಫೋನಿನಿಂದಲೇ ಎರಡು ಚಾ ಹೇಳಿದೆ. ಮುಕ್ಕಾಲು ತಾಸಿನ ಮೇಲೆ ಬಂತು, ತಣ್ಣಗೆ, ಸಕ್ಕರೆ ಇಲ್ಲದೆ. ಇಬ್ಬರೂ ಹಾಗೇ ಕುಡಿದೆವು.

ಉಳಿದ ಒಂದು ದಿನ ಹೇಗೋ ಕಳೆಯಿತು. ಅತ್ತೆ ಒಮ್ಮೆ ಮೊಣಕಾಲಿನವರೆಗೂ ನೀರಿಗೆ ಇಳಿದರು. ಅಲೆ ಒಂದು ಚಪ್ಪಲಿ ಒಯ್ದಿತು, ಅದನ್ನು ಹುಡುಕುತ್ತ ಒಂದು ತಾಸು ದಂಡೆಗುಂಟ ಅಲೆದೆವು. ಸಿಗಲಿಲ್ಲ. ಹೊರಡುವ ದಿನ ಕೋಣೆ ಗುಡಿಸುವ ಹೆಂಗಸು ಒಣಗಿದ ಕೋಕಂ ಒಂದು ಪೊಟ್ಟಣ ಕಟ್ಟಿಕೊಟ್ಟಳು. ಮ್ಯಾನೇಜರು ಒಂದು ಪುಸ್ತಕ ಮುಂದಿಟ್ಟು, "ಹೇಗಾಯ್ತು ಅಂತ ಎರಡು ಮಾತು ಬರೀರಿ" ಅಂದರು. ಪೆನ್ನು ಹಿಡಿದು ನಿಂತೆ. ಚಾದರ ಒದ್ದೆ, ಅಡುಗೆ ರುಚಿ, ಜನ ಒಳ್ಳೆಯವರು ಎಂದು ಬರೆಯಬಹುದಿತ್ತು. ಏನೂ ಬರೆಯದೆ ಸಹಿ ಮಾತ್ರ ಹಾಕಿದೆ.

ಊರಿಗೆ ಬಂದ ಮೇಲೆ ನಮ್ಮ ನಡುವೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಮೊದಲಿಗಿಂತ ಕಷ್ಟವಾಯಿತು. ಒಬ್ಬರನ್ನೊಬ್ಬರು ನೋಡಿದರೆ ಅದೇ ನೆನಪು. ಅತ್ತೆ ದೀಪಾವಳಿ ಆದ ಮೇಲೆ, ತೊಗರಿ ರಾಶಿಯ ನೆವ ಹೇಳಿ ಔರಾದಿಗೆ ತಮ್ಮನ ಮನೆಗೆ ಹೋದರು. ಮನೆಯವರಿಗೆ ಸಂತೋಷ. "ನೋಡಿದೇನು, ಸಮುದ್ರ ನೋಡಿ ಬಂದಿದ್ದು ಕೆಲಸಾ ಮಾಡ್ತು. ಅವ್ವ ಊರಿಗಿ ಹೋಗ್ಯಾಳ" ಅಂದರು. ನಾನು ಹೂಂ ಅಂದೆ.

ಸಂಕ್ರಾಂತಿಯ ಹೊತ್ತಿಗೆ ಅತ್ತೆ ಮರಳಿ ಬಂದರು. ಮೂರನೆಯ ದಿನ ಬೆಳಿಗ್ಗೆ ಮನೆಯವರು ಡ್ಯೂಟಿಗೆ ಹೊರಡುವ ಮುಂಚೆ ಚುರುಮುರಿಯ ಸುಸಲಾ ತಿನ್ನುತ್ತ ಕುಳಿತಿದ್ದರು. ನಾನು ಡಬ್ಬಿ ಕಟ್ಟುತ್ತಿದ್ದೆ. ಅತ್ತೆ ಬಂದು ಮಗನ ಎದುರು ಕುಳಿತರು.

"ನಿನ್ನ ತಂಗಿ ಅವತ್ತು ಫೋನು ಮಾಡಿದ್ಳು" ಅಂದರು. "ಮೂರು ಗಂಟಿಗಿ. ನಾನೂ ಕೇಳೀನಿ, ಇಕಿನೂ ಕೇಳ್ಯಾಳ. ನಾವಿಬ್ಬರೂ ಎತ್ತಲಿಲ್ಲ."

ಕೆಂಪು ಗುಂಡಿಯ ಮಾತು ಹೇಳಲಿಲ್ಲ. ಅಳಿಸಿದ್ದನ್ನೂ ಹೇಳಲಿಲ್ಲ. ನಾನು ಡಬ್ಬಿಯ ಮುಚ್ಚಳ ಹಿಡಿದು ನಿಂತೇ ಇದ್ದೆ. ಆಮೇಲೆ ನಾನೇ ಹೇಳಿದೆ, ಎರಡನ್ನೂ.

ಮನೆಯವರು ತಾಟಿನಲ್ಲೇ ಕೈ ತೊಳೆದು ಎದ್ದರು. ಡಬ್ಬಿ ಒಯ್ಯಲಿಲ್ಲ. ಆಮೇಲೆ ಹನ್ನೆರಡು ದಿನ ನಮ್ಮಿಬ್ಬರ ಜೊತೆಗೂ ಮಾತಿಲ್ಲ. ಬರುತ್ತಿದ್ದರು, ಉಣ್ಣುತ್ತಿದ್ದರು, ಮಾಳಿಗೆ ಮೇಲೆ ಹೋಗಿ ಮಲಗುತ್ತಿದ್ದರು. ಚಳಿಗಾಲ, ಕಂಬಳಿ ಕೊಡಲು ಹೋದರೆ ತೆಗೆದುಕೊಳ್ಳುತ್ತಿದ್ದರು, ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ನನ್ನನ್ನು ಬಿಟ್ಟುಬಿಡುತ್ತಾರೇನೋ ಎಂದು ನಾನು ತವರಿಗೆ ಹೋಗುವ ಲೆಕ್ಕ ಹಾಕಿದ್ದೂ ಉಂಟು. ಅತ್ತೆ ಮಾತ್ರ ಆ ದಿನಗಳಲ್ಲಿ ನನ್ನ ಪಕ್ಕದಲ್ಲೇ ಕುಳಿತು ಉಣ್ಣತೊಡಗಿದರು.

ಹದಿಮೂರನೆಯ ದಿನ ರವಿವಾರ. ಮನೆಯವರು ಬೆಳಿಗ್ಗೆ ಮಾಳಿಗೆಯಿಂದ ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಎಷ್ಟು ಸಲ ಮಾಡಿದ್ಳು?" ಅಂದರು.

"ಎರಡು" ಅಂದೆ.

ಇನ್ನೇನಾದರೂ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ಹೊರಗೆ ಹೋಗಿ ಗೆಳೆಯನ ಕಾರು ತಂದರು. "ಭಾಲ್ಕಿಗಿ ಹೋಗೂದದ. ಇಬ್ಬರೂ ನಡೀರಿ" ಅಂದರು. ಆಗೂದಿಲ್ಲ ಎಂದು ಅತ್ತೆ ಅನ್ನಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ ಬಂದರು.

ನಾದಿನಿಯ ಮನೆಗೆ ಈಗ ಹಸಿರು ಬಣ್ಣ ಹಚ್ಚಿದ್ದರು, ಮುಂದೆ ಕಬ್ಬಿಣದ ಗೇಟು ಬಂದಿತ್ತು. ಮನೆಯವರು ಕಾರು ನೆರಳಿಗೆ ನಿಲ್ಲಿಸಲು ಹೋದರು. ಅತ್ತೆ ಬಾಗಿಲಿನ ಮುಂದೆ ಹೋಗಿ ನಿಂತರು, ನಾನು ಅವರ ಹಿಂದೆ. ಕದ ಬಡಿದಾಗ ತೆರೆದವಳು ಏಳೆಂಟು ವರ್ಷದ ಹುಡುಗಿ. ನಾದಿನಿಯದೇ ಅಗಲ ಹಣೆ, ಅವಳದೇ ಹುಬ್ಬು. ನಾವು ಕೊನೆಯ ಸಲ ನೋಡಿದಾಗ ಅವಳಿಗೆ ನಾಲ್ಕು ವರ್ಷ. ಒಂದು ಕೈಯಲ್ಲಿ ಕದ ಹಿಡಿದುಕೊಂಡು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಯಾರು ಬೇಕಾಗಿತ್ರಿ?" ಅಂದಳು.

ಅತ್ತೆ ಹಿಂದೆ ತಿರುಗಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು.

"ಬೀದರದ ಅಜ್ಜಿ ಬಂದಾಳ ಅಂತ ಒಳಗ ಹೇಳವ್ವ" ಅಂದೆ ನಾನು.

ಹುಡುಗಿ ಕದ ಅರ್ಧ ತೆರೆದಿಟ್ಟು ಒಳಗೆ ಓಡಿದಳು. ನಾವು ಚಪ್ಪಲಿ ಬಿಟ್ಟು ಹೊರಗೇ ನಿಂತೆವು.